ನಕ್ಷೆಯ ಮೂಲೆಯಲ್ಲಿ ಬರೆದ ಮಾತು

“ಗುರುಗಳೇ, ತಪ್ಪು ನಡೆಯುತ್ತಿದೆ ಎಂದು ತಿಳಿದವನು ಒಂದು ಮಾತು ಹೇಳಿಬಿಟ್ಟರೆ ಮುಗಿಯಿತಲ್ಲವೇ? ಮುಂದೆ ಆಗುವುದಕ್ಕೆ ಅವನು ಹೊಣೆಯಲ್ಲ, ಅಲ್ಲವೇ?” ಎಂದು ಶಿಷ್ಯ ಕೇಳಿದ.

ಯಾವ ಉತ್ತರ ಬೇಕೆಂಬುದು ಅವನು ಕೇಳಿದ ರೀತಿಯಲ್ಲೇ ಇತ್ತು. ಗುರುಗಳು ಅದನ್ನು ಕೊಡಲಿಲ್ಲ. ಕತೆ ಹೇಳಿದರು.

ಕಡಲ ತಡಿಯ ಪಟ್ಟಣವೊಂದರಲ್ಲಿ ಮನೆಗಳ ನಕ್ಷೆ ಬರೆಯುವವನೊಬ್ಬನಿದ್ದ. ಚಾವಣಿ ಬರೆಯುವುದರಲ್ಲಿ ಅವನದು ಎತ್ತಿದ ಕೈ. ಎರಡು ಇಳಿಜಾರಿನದಿರಲಿ, ನಾಲ್ಕು ಇಳಿಜಾರಿನದಿರಲಿ, ಮಟ್ಟಸವಾದ ತಾರಸಿಯಿರಲಿ, ಅವನ ಗೆರೆ ತಪ್ಪುತ್ತಿರಲಿಲ್ಲ. ಯಾವ ಹೊದಿಕೆಗೆ ಎಷ್ಟು ಇಳಿಜಾರು ಬೇಕೆಂಬುದು ಅವನಿಗೆ ಬಾಯಿಪಾಠ. ಓಡು ಹೊದಿಸುವುದಾದರೆ ಮೂರಡಿ ಸರಿದಾಗ ಎರಡಡಿ ಏರಬೇಕು. ತಗಡಿನ ಶೀಟಾದರೆ ಅರ್ಧ ಅಡಿ ಏರಿದರೂ ನಡೆಯುತ್ತದೆ.

ಆ ಊರಿನ ವರ್ತಕನೊಬ್ಬ ತನ್ನ ಮಹಡಿ ಮನೆಯ ಮುಂದಿನ ಜಾಗದಲ್ಲಿ ಬಾಡಿಗೆ ಮನೆಯೊಂದನ್ನು ಕಟ್ಟಿಸಲು ಹೊರಟ. ನಕ್ಷೆಯವನು ಓಡಿನ ಚಾವಣಿ ಬರೆದು ತಂದ. ವರ್ತಕ ನೋಡಿದವನೇ ಮುಖ ಸಿಂಡರಿಸಿದ.

“ಇಷ್ಟು ಎತ್ತರ ಮಾಡಿದ್ರೆ ನಮ್ಮ ಮಹಡಿಯಿಂದ ಕಡಲು ಕಾಣ್ಲಿಕ್ಕುಂಟಾ ಮಾರಾಯ್ರೆ? ಅರ್ಧಕ್ಕೆ ಇಳಿಸಿ.”

“ಇಳಿಸಿದ್ರೆ ಓಡು ಆಗ್ಲಿಕ್ಕಿಲ್ಲ. ನೀರು ಓಡಿನ ಅಡಿಗೆ ನುಗ್ತದೆ. ಶೀಟೇ ಹಾಕ್ಬೇಕು.”

“ಹಳೇ ಗೋದಾಮು ಕೆಡವಿದ ಓಡು ರಾಶಿ ಬಿದ್ದಿದೆ. ಅದನ್ನೇನು ಉಪ್ಪಿನಕಾಯಿ ಹಾಕ್ಲಾ? ನಿಮಗೆ ಆಗದಿದ್ರೆ ಹೇಳಿ. ಬರೆಯುವವರು ಬೇರೆ ಇದ್ದಾರೆ.”

ನಕ್ಷೆಯವನು ಮಾತು ನುಂಗಿಕೊಂಡ. ವರ್ತಕ ಅಂಥ ಮನೆಗಳನ್ನು ಇನ್ನೂ ಕಟ್ಟಿಸುವವನಿದ್ದ. ಮನೆಗೆ ಬಂದು ಗೆರೆ ಇಳಿಸಿದ. ಒಳಗೆ ಏನೋ ಚುಚ್ಚಿತು. ಆಗ ಹಾಳೆಯ ಮೂಲೆಯಲ್ಲಿ, ಇರುವೆ ಸಾಲಿನಷ್ಟು ಸಣ್ಣಗೆ, ‘ಈ ಇಳಿಜಾರು ಓಡಿಗೆ ಸಾಲದು’ ಎಂದು ಬರೆದ. ಬರೆದ ಮೇಲೆ ಹಾಯೆನಿಸಿತು. ಊಟ ಸೇರಿತು. ಮನಸ್ಸಿಗೆ ಸಮಾಧಾನ ಅಷ್ಟು ಅಗ್ಗಕ್ಕೆ ಸಿಗುತ್ತದೆ.

ಕೆಲಸ ವಹಿಸಿಕೊಂಡ ಬಡಗಿಗೆ ಓದು ಬರುತ್ತಿರಲಿಲ್ಲ. ಅವನು ಗೆರೆ ನೋಡಿ, ಅಂಕಿ ನೋಡಿ ಕೆಲಸ ಮಾಡುವವನು. ಇದು ನಕ್ಷೆಯವನಿಗೆ ಹೊಸ ಸಂಗತಿಯೇನಲ್ಲ. ಹನ್ನೆರಡು ವರ್ಷದಿಂದ ಆ ಬಡಗಿಗೆಂದೇ, ಅಕ್ಷರ ಇರಬೇಕಾದ ಕಡೆಯಲ್ಲೆಲ್ಲ ಗುರುತು ಹಾಕಿಕೊಡುತ್ತಿದ್ದ. ಅಲೆಯಂಥ ಗೆರೆ ಎಂದರೆ ಓಡು, ನೇರ ಗೆರೆ ಎಂದರೆ ಶೀಟು. ಈ ಹಾಳೆಯ ಮೇಲೂ ಅಲೆಯ ಗೆರೆಗಳನ್ನು ಅಂದವಾಗಿ ಎಳೆದಿದ್ದ.

ಬಡಗಿ ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿದ.

“ಅಣ್ಣಾ, ಇದು ಓಡಿಗೆ ತುಂಬ ಮಲಗಿದ ಹಾಗೆ ಕಾಣ್ತದಲ್ಲಾ?”

“ಇದ್ದ ಹಾಗೆ ಮಾಡು. ನಾನು ಎಲ್ಲ ಬರೆದಿದ್ದೇನೆ.”

“ನೀವು ಬರೆದ ಮೇಲೆ ಮುಗೀತು,” ಎಂದು ಬಡಗಿ ಉಳಿಗೆ ಕೈ ಹಾಕಿದ.

ಮೂರು ಮಳೆಗಾಲ ಕಳೆಯಿತು. ನೀರು ಓಡಿನ ಅಡಿಯಿಂದ ನುಸುಳಿ, ಓಡು ಹೊರುವ ಮರದ ಪಕ್ಕಾಸುಗಳೊಳಗೆ ಇಳಿಯಿತು. ಹೊರಗಿನಿಂದ ಮರ ಗಟ್ಟಿಯಾಗಿಯೇ ಕಾಣುತ್ತಿತ್ತು. ಮನೆ ಸೋರುತ್ತದೆಂದು ವರ್ತಕ ಅದೇ ಬಡಗಿಯನ್ನು ಕರೆಸಿ ಮೇಲೆ ಹತ್ತಿಸಿದ. ಕಾಲಡಿಯ ಪಕ್ಕಾಸು ಮುರಿಯಿತು. ಬಡಗಿ ಕೆಳಗಿನ ಕಲ್ಲುನೆಲಕ್ಕೆ ಬಿದ್ದ. ಮತ್ತೆ ಏಳಲಿಲ್ಲ.

ಊರಿನ ಹಿರಿಯರು ಸೇರಿದರು. ತಪ್ಪು ಬಡಗಿಯದಲ್ಲ ಎಂದಾದರೆ ಪರಿಹಾರದ ಹಣ ಸಿಕ್ಕಿ ಅವನ ಹೆಂಡತಿಯ ಬದುಕಿಗೆ ಒಂದು ದಾರಿಯಾಗುತ್ತಿತ್ತು. ವರ್ತಕ ನಕ್ಷೆಯವನ ಕಡೆ ಬೆರಳು ತೋರಿಸಿದ. ನಕ್ಷೆಯವನು ಹಾಳೆ ಬಿಚ್ಚಿ ಮೂಲೆ ತೋರಿಸಿದ. ಹಿರಿಯರೊಬ್ಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು. “ಬರೆದದ್ದು ಇದೆ. ನೋಡದೆ ಕಟ್ಟಿದ್ದು ಬಡಗಿಯ ತಪ್ಪು,” ಎಂದರು. ಹೌದು ಹೌದು ಎಂದು ವರ್ತಕ ಎಲ್ಲರಿಗಿಂತ ಮೊದಲು ತಲೆಯಾಡಿಸಿದ. ಗೆರೆ ಇಳಿಸಲು ಹೇಳಿದವನು ಇವನೇ ಎಂಬ ಮಾತು ನಕ್ಷೆಯವನ ನಾಲಗೆಯ ತುದಿಗೆ ಬಂತು. ಅವನು ಅದನ್ನೂ ನುಂಗಿದ.

ಬಡಗಿಯ ಹೆಂಡತಿ ಎದ್ದು ನಿಂತಳು. “ಅವರಿಗೆ ಓದ್ಲಿಕ್ಕೆ ಬರ್ತಿರ್ಲಿಲ್ಲ. ನಿಮ್ಮ ಗೆರೆ ನೋಡಿಯೇ ಓಡು ಹೊದಿಸಿದ್ದು. ನಿಮಗೆ ಗೊತ್ತುಂಟು,” ಎಂದಳು.

ನಕ್ಷೆಯವನು ಅವಳ ಮುಖ ನೋಡಲಿಲ್ಲ. ಹಾಳೆಯನ್ನು ಜೋಪಾನವಾಗಿ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ನಡೆದ. ಅವಳಿಗೆ ಏನೂ ಸಿಗಲಿಲ್ಲ. ಊರಿಗೆಲ್ಲ ಸೂರು ಕಟ್ಟಿಕೊಟ್ಟವನಿಗೆ ಸತ್ತ ಮೇಲೆ ಕೆಟ್ಟ ಕೆಲಸಗಾರನೆಂಬ ಹೆಸರು ಉಳಿಯಿತು. ವರ್ತಕನ ಮಹಡಿಯಿಂದ ಕಡಲು ಈಗಲೂ ಚೆನ್ನಾಗಿ ಕಾಣುತ್ತದೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಆದರೂ ಅವನು ಬರೆದಿದ್ದನಲ್ಲ, ಗುರುಗಳೇ?”

“ಬರೆದಿದ್ದ. ಹಾಗೆ ಬರೆದು, ‘ತಿಳಿಯದೆ ಮಾಡಿದೆ’ ಎಂದು ಹೇಳಿಕೊಳ್ಳಲು ಇದ್ದ ಒಂದೇ ದಾರಿಯನ್ನೂ ತನ್ನ ಕೈಯಾರೆ ಮುಚ್ಚಿಕೊಂಡಿದ್ದ.”