ತಲೆ ಬಚ್ಚಿಟ್ಟ ಸೇವಂತಿಗೆ

ಪ್ಲಾಸ್ಟಿಕ್ ಹೊದಿಸಿದ ಹೂವಿನ ಮನೆಯೊಳಗೆ ಒಂದು ಸೇವಂತಿಗೆ ಸಸಿ ಇತ್ತಂತೆ ಕಣ್ರವ್ವಾ. ತೋಟದ ನಿಂಗಾಜಮ್ಮ ಸಸಿಗಳ ಕುಡಿ ಚಿವುಟುತ್ತಾ ಬಂದಾಗ, ಅದು ಪಕ್ಕದ ಕಾಮಕಸ್ತೂರಿಯ ಎಲೆ ಕೆಳಗೆ ತಲೆ ತೂರಿಸಿ ಬಚಾವಾಯಿತು.

"ನಿಮ್ಮ ತಲೆಗಳೆಲ್ಲ ಹೋದವು, ನನ್ನದು ನೋಡ್ರೇ!" ಅಂತ ಉಳಿದ ಸಸಿಗಳನ್ನು ಅಣಕಿಸಿತು.

"ನೆಟ್ಟವಳ ಕೈಗೇ ಹೆದರಿದೆಯಲ್ಲೇ, ಪೆದ್ದೀ! ನನ್ನ ಏಳು ಸಲ ಚಿವುಟಿದಾಳೆ. ಎಣಿಸು ನನ್ನ ಕೊಂಬೆಗಳನ್ನ," ಅಂದಿತು ಕಾಮಕಸ್ತೂರಿ.

ತಿಂಗಳಲ್ಲಿ ಉಳಿದವೆಲ್ಲ ಪೊದೆಯಾದವು. ಇದು ಮಾತ್ರ ಒಂಟಿಕಡ್ಡಿಯಾಗಿ ಬಾಗಿತು. ನಿಂಗಾಜಮ್ಮ ಬುಡಕ್ಕೇ ಕೈ ಹಾಕಿದಳು: "ಇದು ಹೂವಿಗೆ ಬರಾಕಿಲ್ಲ, ಕಿತ್ತೇಬಿಡ್ತೀನಿ."

"ಅಮ್ಮಾ, ಬೇರು ಉಳಿಸು, ತಲೆ ತಗೋ!" ಅಂತ ಸಸಿ ತಾನೇ ಕುಡಿಯನ್ನು ಅವಳ ಬೆರಳಿಗೆ ಚಾಚಿತು.

ಅವಳು ನಕ್ಕು ಚಿವುಟಿದಳು. ವಾರದೊಳಗೆ ಆ ಗಾಯದ ಕೆಳಗೆ ನಾಲ್ಕು ಚಿಗುರು ಕಣ್ಣುಬಿಟ್ಟವು.