ಬೆನ್ನಿಗೆ ಮೆತ್ತಿದ ಕೆಮ್ಮಣ್ಣು

“ಗುರುಗಳೇ, ಕಲಿಸಿದವರ ಋಣ ತೀರಿಸುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಆಗಷ್ಟೇ ಆಡು-ಹುಲಿ ಆಟ ಮುಗಿದಿತ್ತು. ಗುರುಗಳದು ಹುಲಿ, ಅದನ್ನು ಸುತ್ತುಗಟ್ಟಬೇಕಾದ ಆಡುಗಳು ಶಿಷ್ಯನವು. ಎಂದಿನಂತೆ ಹುಲಿಯೇ ಗೆದ್ದಿತ್ತು. ಶಿಷ್ಯ ಕಲ್ಲುಗಳನ್ನು ಚೀಲಕ್ಕೆ ತುಂಬುತ್ತಿದ್ದ. ಗುರುಗಳು ಗೋಡೆಗೆ ಒರಗಿ ಕತೆ ಶುರುಮಾಡಿದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಓದುವ ಕಾಲದಲ್ಲಿ ಅವನಿಗೆ ಕುಸ್ತಿಯ ಹುಚ್ಚು. ಕಾಲೇಜಿನಲ್ಲಿ ಗರಡಿ ಇರಲಿಲ್ಲ, ಕಲಿಸುವವರೂ ಇರಲಿಲ್ಲ. ಹಾಸ್ಟೆಲಿನ ಕಂಬವನ್ನೇ ತಬ್ಬಿಕೊಂಡು ಪಟ್ಟು ಕಲಿತ. ಕಂಬ ತಿರುಗಿ ಪಟ್ಟು ಹಾಕುತ್ತಿರಲಿಲ್ಲ. ಪಂದ್ಯದಲ್ಲಿ ಎದುರಾಳಿಗಳು ಹಾಕಿದರು. ಹೋದ ಕಡೆಯೆಲ್ಲ ಬೆನ್ನು ಮಣ್ಣಿಗೆ ತಾಗಿಸಿಕೊಂಡು ಬಂದ.

ಮುಂದೆ ವ್ಯಾಪಾರ ಕುದುರಿತು. ಅದೇ ಕಾಲೇಜಿಗೆ ಹೋಗಿ ಗರಡಿ ಕಟ್ಟಿಸಿದ. ಕೆಮ್ಮಣ್ಣು ತರಿಸಿ, ಮಜ್ಜಿಗೆ, ಅರಿಸಿನ ಕಲಸಿ ಕಣ ಹದ ಮಾಡಿಸಿದ. ಕುಸ್ತಿ ಕಲಿಸಲು ಉಸ್ತಾದನನ್ನು ನೇಮಿಸಿದ. ಹುಡುಗರ ಹಾಲು, ಬಾದಾಮಿ ಎಲ್ಲ ಅವನದೇ. ತನ್ನ ಕಾಲೇಜಿನಿಂದ ಒಬ್ಬ ಪೈಲ್ವಾನ ಹೊರಬರಬೇಕು. ಅವನ ಆಸೆ ಅಷ್ಟೆ.

ವರ್ಷವರ್ಷವೂ ಕಣಕ್ಕೆ ಪೂಜೆಯಾದ ಮೇಲೆ ಮೊದಲ ಕುಸ್ತಿ ವ್ಯಾಪಾರಿಯದು. ಹೊಟ್ಟೆ ಮುಂದೆ ಮಾಡಿಕೊಂಡು ಇಳಿಯುತ್ತಿದ್ದ. ತೊಡೆ ತಟ್ಟಿದರೆ ಸಾಕು, ಎದುರಿಗೆ ನಿಂತ ಹುಡುಗ ದೊಪ್ಪನೆ ಬೀಳುತ್ತಿದ್ದ. ಒಂದು ವರ್ಷವಂತೂ ಇವನು ಮುಟ್ಟುವ ಮೊದಲೇ ಹುಡುಗ ಬಿದ್ದ. ಮೀಸೆ ತಿರುವುತ್ತಾ ಮನೆಗೆ ಬಂದು ಹೇಳಿದರೆ ಹೆಂಡತಿ ನಕ್ಕಳು.

“ಮಂಚದಿಂದ ಏಳೋಕೆ ನಾನು ಕೈ ಕೊಡಬೇಕು. ನೀವು ಪೈಲ್ವಾನರನ್ನ ಬೀಳಿಸಿದ್ರಾ?”

ವ್ಯಾಪಾರಿಯ ಮೀಸೆ ಇಳಿಯಿತು. ಹಾಗಾದರೆ ಗರಡಿಯಲ್ಲಿ ಒಬ್ಬನೂ ಏನೂ ಕಲಿತಿಲ್ಲವೇ? ಇಷ್ಟು ವರ್ಷ ಕಂಬಗಳಿಗೆ ಬಾದಾಮಿ ತಿನ್ನಿಸಿದೆನೇ?

ಮುಂದಿನ ಪೂಜೆಯ ದಿನ ಕಣದ ನಡುವೆ ನಿಂತು ಹೇಳಿದ: “ಇವತ್ತು ನನ್ನನ್ನ ಎತ್ತಿ ಹಾಕೋನು ಒಬ್ಬನೂ ಬರಲಿಲ್ಲ ಅಂದ್ರೆ, ನಾಳೆ ಇಲ್ಲಿ ಬೆಲ್ಲದ ಮೂಟೆ ಇಳಿಸ್ತೀನಿ.”

ಹುಡುಗರು ಮುಖ ಮುಖ ನೋಡಿಕೊಂಡರು. ಎತ್ತಿದರೆ ಹಾಲು ಕೊಟ್ಟವನಿಗೆ ಅವಮಾನ. ಎತ್ತದಿದ್ದರೆ ಗರಡಿಯೇ ಇಲ್ಲ. ಉಸ್ತಾದ ಸೂರು ನೋಡುತ್ತಾ ನಿಂತ. ಕೊನೆಗೆ ಆ ವರ್ಷ ಸೇರಿದ ವಿದ್ಯಾರ್ಥಿಯೊಬ್ಬ ಮುಂದೆ ಬಂದ. ಬಗ್ಗಿ ವ್ಯಾಪಾರಿಯ ಕಾಲು ಮುಟ್ಟಿ ನಮಸ್ಕರಿಸಿದ. ಬಗ್ಗಿದವನು ಅದೇ ಕಾಲನ್ನು ಹಿಡಿದು ಎತ್ತಿಯೇಬಿಟ್ಟ.

ವ್ಯಾಪಾರಿ ಧಡ್ ಎಂದು ಮಣ್ಣಿಗೆ ಬಿದ್ದ. ಉಸ್ತಾದ ಕಣ್ಣು ಮುಚ್ಚಿಕೊಂಡ.

ಮಣ್ಣಿನಿಂದಲೇ ನಗು ಕೇಳಿಸಿತು. “ಬಂದ್ನಲ್ಲಪ್ಪ ಪೈಲ್ವಾನ! ಇನ್ನೊಂದ್ಸಲ ಎತ್ತು ಮಗಾ, ಯಾವ ಪಟ್ಟು ಅಂತ ಸರಿಯಾಗಿ ಗೊತ್ತಾಗಲಿಲ್ಲ!”

ಹುಡುಗ ಇನ್ನೊಂದು ಸಲ ಎತ್ತಿದ. ಅದನ್ನು ನೋಡಿ ಉಳಿದವರೂ ಸಾಲು ನಿಂತರು. ಸಾಲಿನ ಕೊನೆಯಲ್ಲಿ ಉಸ್ತಾದನೂ ಇದ್ದ.

ಆ ದಿನ ವ್ಯಾಪಾರಿ ಅಂಗಿ ಹೆಗಲಿಗೆ ಹಾಕಿಕೊಂಡು, ಕುಂಟುತ್ತಾ, ಪೇಟೆ ಬೀದಿಯಲ್ಲೇ ಮನೆಗೆ ನಡೆದ. ಮೈಮೇಲಿನ ಮಣ್ಣು ಕೊಡವಲಿಲ್ಲ. ಕೇಳಿದವರಿಗೂ ಕೇಳದವರಿಗೂ ಬೆನ್ನು ತಿರುಗಿಸಿ ತೋರಿಸಿದ. “ನಮ್ಮ ಕಾಲೇಜಿನ ಹುಡುಗರು!”

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಗುರುಗಳೂ ನಕ್ಕರು. ಆಮೇಲೆ ಅವನ ಕೈಯಿಂದ ಚೀಲ ತೆಗೆದುಕೊಂಡು, ಕಲ್ಲುಗಳನ್ನು ಮತ್ತೆ ಹಲಗೆಯ ಮೇಲೆ ಸುರಿದು ಕೇಳಿದರು:

“ನನ್ನ ಹುಲಿ ಸಿಕ್ಕಿಬಿದ್ದಿತ್ತಲ್ಲ, ನಿನ್ನ ಆಡನ್ನು ಯಾಕೆ ಪಕ್ಕಕ್ಕೆ ಸರಿಸಿದೆ?”