ಚಕ್ರದ ಮೂಗುತಿ

"ಅಪ್ಪಾವರೇ, ನನ್ನ ಪೂಜೆಯಲ್ಲಿ ಕೊರತೆ ಎಲ್ಲಿದೆ?" ಎಂದು ಶಿಷ್ಯ ಚನ್ನವೀರ ಕೇಳಿದ. "ಒಂಬತ್ತು ವರ್ಷದಿಂದ ಮಠದಲ್ಲಿದ್ದೇನೆ. ಬೆಳಗಿನ ಪೂಜೆ ಒಂದು ದಿನವೂ ತಪ್ಪಿಸಿಲ್ಲ. ಒಪ್ಪತ್ತು ಉಣ್ಣುತ್ತೇನೆ. ಆದರೂ ಬೆಳಿಗ್ಗೆ ತುಂಬಿಕೊಂಡ ಶಾಂತಿ ಮಧ್ಯಾಹ್ನಕ್ಕೆ ಇರುವುದಿಲ್ಲ. ಹೀಗೇ ಆಗುವುದಾದರೆ ಮಠ ಬಿಟ್ಟು ಊರಿಗೆ ಹೋಗುವುದೇ ಲೇಸು ಅನಿಸಿಬಿಟ್ಟಿದೆ."

ಗುರುಗಳು ಸಂಜೆಯ ಪೂಜೆಗೆ ಬಿಲ್ವಪತ್ರೆ ಆರಿಸುತ್ತಿದ್ದರು. ಕೈ ನಿಲ್ಲಿಸದೆ ಈ ಕತೆ ಹೇಳಿದರು.

ಒಂದು ಕಲ್ಲುಬೆಟ್ಟ. ಮೇಲೆ ಒಂದು ಹಟ್ಟಿ. ಅಲ್ಲಿಗೆ ರಸ್ತೆಯಿಲ್ಲ, ಬಂಡೆಗಳ ನಡುವೆ ಒಂದು ಜಾಡು ಮಾತ್ರ. ಆ ಜಾಡಿನಲ್ಲಿ ಇಬ್ಬರು ಡ್ರೈವರುಗಳು ಜೀಪು ಓಡಿಸುತ್ತಿದ್ದರು, ಒಬ್ಬ ಹಿರಿಯ, ಒಬ್ಬ ಕಿರಿಯ.

ಗಾಳಿ ಬಿಗಿಯಾಗಿದ್ದರೆ ಟೈರು ಕಲ್ಲಿನ ಮೇಲೆ ಪುಟಿಯುತ್ತದೆ. ಅದಕ್ಕೆ ಬೆಟ್ಟ ಹತ್ತುವ ಮುಂಚೆ ನಾಲ್ಕೂ ಚಕ್ರದಿಂದ ಸ್ವಲ್ಪ ಗಾಳಿ ಬಿಡಬೇಕು. ಇಳಿದು ಬಂದ ಮೇಲೆ ಪಂಪು ಹೊಡೆದು ಮತ್ತೆ ತುಂಬಬೇಕು. ಕಿರಿಯನಿಗೆ ದಿನವೂ ಬಗ್ಗಿ ಬಗ್ಗಿ ಸಾಕಾಯಿತು. ಗಾಳಿ ತುಂಬುವ ರಬ್ಬರ್ ಕೊಳವೆಗೆ ವಾಲ್ವು ಅನ್ನುತ್ತಾರಲ್ಲ, ಅದನ್ನು ತೆಗೆಸಿ ಉದ್ದನೆಯದು ಹಾಕಿಸಿದ. ಅದು ಚಕ್ರದಿಂದ ಬೆರಳಿನ ಹಾಗೆ ಹೊರಗೆ ಚಾಚಿಕೊಂಡಿತು. ಬೇಕೆಂದಾಗ ಕೈಗೆ ಸಿಗುತ್ತಿತ್ತು.

ಹಿರಿಯ ಗಿಡ್ಡ ವಾಲ್ವನ್ನೇ ಇಟ್ಟುಕೊಂಡ. ಅದಕ್ಕೆ ಹಿತ್ತಾಳೆಯ ಮುಚ್ಚಳ ಹಾಕಿದ. ಸುತ್ತಲೂ ಆಸರೆಯಾಗಿ ಒಂದು ತುಂಡು ಕಬ್ಬಿಣದ ಪೈಪನ್ನು ಚಕ್ರಕ್ಕೆ ಬೆಸುಗೆ ಹಾಕಿಸಿದ. ಕಲ್ಲು ತಾಗಿದರೆ ಪೈಪಿಗೆ ತಾಗಲಿ ಎಂದು.

"ಏನು ಕಾಕಾ, ಹೆಣ್ಣುಮಕ್ಕಳ ಮದುವೆ ಎಲ್ಲ ಮುಗಿಯಿತು ಅಂತ ಈಗ ಚಕ್ರಕ್ಕೆ ಮೂಗುತಿ ಇಡಿಸಿದಿರಾ?" ಎಂದು ಕಿರಿಯ ನಕ್ಕ.

"ಮೂಗು ಉಳಿಯಲಿ ಅಂತ ಇಡಿಸಿದೆನಪ್ಪ," ಎಂದ ಹಿರಿಯ.

ಆಯುಧಪೂಜೆಯ ದಿನ ಕಿರಿಯ ಜೀಪಿನ ಮುಂದೆ ಆಳುದ್ದ ಚೆಂಡುಹೂವಿನ ಹಾರ ಕಟ್ಟಿದ. ದೊಡ್ಡ ಕುಂಬಳಕಾಯಿ ಒಡೆದ. ಹಿರಿಯ ಒಂದೆಳೆ ಹೂವು ಏರಿಸಿ, ನೆಲದ ಮೇಲೆ ಕುಳಿತ. ಒಂದೊಂದೇ ವಾಲ್ವಿನ ಧೂಳು ಒರೆಸಿದ. ರಬ್ಬರು ಬಿರುಕು ಬಿಟ್ಟಿದೆಯೇ ಎಂದು ಬೆರಳಾಡಿಸಿ ನೋಡಿದ. ಆಮೇಲೆ ಅದಕ್ಕೆ ವಿಭೂತಿ ಹಚ್ಚಿದ. ಇಬ್ಬರದೂ ಪೂಜೆಯೇ. ಶಿವ ಎರಡನ್ನೂ ಒಪ್ಪಿಕೊಂಡಿರುತ್ತಾನೆ.

ಮುಂದಿನ ವಾರ, ಹಟ್ಟಿಯಲ್ಲಿ ಸೌದೆ ತೆಗೆಯುತ್ತಿದ್ದ ಒಬ್ಬನ ಕೈಗೆ ನಾಗರಹಾವು ಕಚ್ಚಿತು. ಕಿರಿಯನ ಜೀಪು ಅಲ್ಲೇ ಇತ್ತು. ಅವನು ಒಳ್ಳೆಯ ಮನುಷ್ಯ. ಮರುಮಾತಾಡದೆ ಕಚ್ಚಿಸಿಕೊಂಡವನನ್ನೂ ಅವನ ಹೆಂಡತಿಯನ್ನೂ ಹತ್ತಿಸಿಕೊಂಡು ಆಸ್ಪತ್ರೆಗೆ ಹೊರಟ. ಅರ್ಧ ದಾರಿಯಲ್ಲಿ ಜೀಪು ಎಡಗಡೆಯ ಬಂಡೆಗೆ ಉಜ್ಜಿಕೊಂಡು ಹೋಯಿತು. ಮುಂದಿನ ಚಕ್ರದ ವಾಲ್ವು ಕಿತ್ತು ಗಾಳಿಯೆಲ್ಲ ಹೋಯಿತು. ಹಿಂದಿನ ಚಕ್ರವೂ ಅದೇ ಬಂಡೆಗೆ ಉಜ್ಜಿಕೊಂಡೇ ಬರಬೇಕಲ್ಲ, ಅದರದ್ದೂ ಹೋಯಿತು. ಬದಲಿಗೆ ಇದ್ದ ಸ್ಟೆಪ್ನಿ ಚಕ್ರ ಒಂದೇ.

"ಅಣ್ಣಾ, ಟೈರು ಹೊಸದಾಗಿ ಕಾಣುತ್ತದಲ್ಲ, ಏನಾಯಿತು ಅದಕ್ಕೆ?" ಎಂದು ಆ ಹೆಂಗಸು ಅಳುತ್ತ ಕೇಳಿದಳು.

"ಟೈರಿಗೆ ಏನೂ ಆಗಿಲ್ಲ ತಂಗಿ," ಎಂದ ಅವನು. ಅದು ನಿಜವೂ ಆಗಿತ್ತು.

ಹಿರಿಯನನ್ನು ಕರೆಯಲು ಅವನು ಬರಿಗಾಲಲ್ಲಿ ಬೆಟ್ಟದ ಕೆಳಗೆ ಓಡಿದ. ಹಿರಿಯ ಜೀಪು ತೆಗೆದುಕೊಂಡು ಅಲ್ಲಿಗೆ ಹತ್ತಿ ಬರುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಅದೇ ಬಂಡೆಗಳು ಅವನ ಚಕ್ರಕ್ಕೂ ತಾಗಿದವು. ಪೈಪು ಸ್ವಲ್ಪ ನೆಗ್ಗಿತು, ಅಷ್ಟೇ. ಆಸ್ಪತ್ರೆ ಮುಟ್ಟುವಾಗ ಆ ಮನುಷ್ಯನಲ್ಲಿ ಜೀವವಿತ್ತು. ಶಿವ ದೊಡ್ಡವನು, ಉಳಿಸಿಕೊಟ್ಟ. ಎರಡು ಬೆರಳು ಮಾತ್ರ ಉಳಿಯಲಿಲ್ಲ.

ಮರುದಿನ ಕಿರಿಯ ಡ್ರೈವರು ಹಿರಿಯನ ಮನೆ ಬಾಗಿಲಲ್ಲಿ ನಿಂತು, "ಕಾಕಾ, ಆ ಬೆಸುಗೆಯವನ ಅಂಗಡಿ ಎಲ್ಲಿ?" ಎಂದು ಕೇಳಿದನಂತೆ.

ಇಷ್ಟು ಹೇಳಿ ಗುರುಗಳು ತೂತುಬಿದ್ದ ಒಂದು ಪತ್ರೆಯನ್ನು ಪಕ್ಕಕ್ಕೆ ತೆಗೆದಿಟ್ಟರು.

ಚನ್ನವೀರನ ಮುಖ ಅರಳಿತು. "ಹಾಗಾದರೆ ನನ್ನ ಪೂಜೆಯಲ್ಲಿ ಕೊರತೆ ಇಲ್ಲವೇ, ಅಪ್ಪಾವರೇ?"

"ಪೂಜೆಗೆ ಏನೂ ಆಗಿಲ್ಲ ಮಗು," ಎಂದರು ಗುರುಗಳು. "ಇವತ್ತು ಮಧ್ಯಾಹ್ನ ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಅಡುಗೆಯ ಕಲ್ಲವ್ವನಿಗೆ ನೀನು ಏನಂದೆ?"